ಪ್ಯಾಟನ್ ಟ್ಯಾಂಕು ಹಿಡಿದ ಕಥೆ: ಖರೇ ಎಷ್ಟು, ಕಟ್ಟಿದ್ದು ಎಷ್ಟು?

ಚಿಕ್ಕವನಿದ್ದಾಗ ನನಗೆ ಟ್ಯಾಂಕು ಅಂದರೆ ಒಂದೇ ಅರ್ಥ. ರೋಣದಲ್ಲಿ ನಮ್ಮ ಓಣಿಯ ತುದಿಗೆ ನಾಲ್ಕು ಕಂಬದ ಮೇಲೆ ನಿಂತಿದ್ದ ನೀರಿನ ಟ್ಯಾಂಕು. ಹಾಗಾಗಿ ಕಟ್ಟೆ ಮೇಲೆ ಕೂತ ಹಿರಿಯರು "ಅರವತ್ತೈದರಾಗ ನಮ್ಮವ್ರು ಪಾಕಿಸ್ತಾನದ ಟ್ಯಾಂಕ್ ಹಿಡಕೊಂಡ ಬಂದ್ರು" ಅಂತ ಮಾತಾಡುವಾಗ ನನಗೆ ಕಾಣುತ್ತಿದ್ದ ಚಿತ್ರವೇ ಬೇರೆ. ನಮ್ಮ ಸೈನಿಕರು ಒಂದು ದೊಡ್ಡ ನೀರಿನ ಟ್ಯಾಂಕನ್ನು ಹೆಗಲ ಮೇಲೆ ಹೊತ್ತುಕೊಂಡು ಗಡಿ ದಾಟಿ ಓಡಿ ಬರುತ್ತಿದ್ದಾರೆ! ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ, "ನೀರು ಚೆಲ್ಲಲಿಲ್ಲೇನ್ರಿ?" ಅಂತ. ಕಟ್ಟೆ ಪೂರಾ ನಕ್ಕಿತ್ತು. ಎಷ್ಟೋ ವರ್ಷ ನನಗೆ ಅದೇ ಅಡ್ಡಹೆಸರು.

ದೊಡ್ಡವನಾದ ಮೇಲೆ ಗೊತ್ತಾಯಿತು, ನಾನು ಅಂಥಾ ದಡ್ಡನೇನೂ ಆಗಿರಲಿಲ್ಲ ಅಂತ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಉಕ್ಕಿನ ಗಾಡಿಯನ್ನು ಗುಟ್ಟಾಗಿ ತಯಾರಿಸುವಾಗ ಜರ್ಮನರ ಗೂಢಚಾರರಿಗೆ ತಿಳಿಯಬಾರದು ಅಂತ 'ನೀರಿನ ಟ್ಯಾಂಕು' ಎಂದು ಹೇಳಿಕೊಂಡು ತಿರುಗಿದ್ದರು. 1916ರ ಸೆಪ್ಟೆಂಬರ್ 15ರಂದು ಸೋಮ್ ರಣರಂಗದಲ್ಲಿ ಅದು ಮೊದಲ ಸಲ ಹೊರಬಂದಾಗ ಗುಟ್ಟು ಹೋಯಿತು, ಹೆಸರು ಉಳಿಯಿತು. ಅಂದರೆ ಟ್ಯಾಂಕಿನ ಹೆಸರು ಹುಟ್ಟಿದ್ದೇ ಒಂದು ಸುಳ್ಳಿನಿಂದ. ಅದರ ಸುತ್ತ ಇಷ್ಟೊಂದು ಕಥೆಗಳು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ.

ಇರಲಿ. ನಾನು ಇವತ್ತು ಬರೆಯಲು ಕೂತಿದ್ದು ಬೇರೊಬ್ಬರ ಸುಳ್ಳಿನ ಬಗ್ಗೆ ಅಲ್ಲ, ನನ್ನದೇ ಒಂದು ಸುಳ್ಳಿನ ಬಗ್ಗೆ.

2015ರ ಆಗಸ್ಟ್ 15. ನರಗುಂದದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ಗೆಳೆಯ ಮೇಷ್ಟ್ರು. "ಬೆಂಗಳೂರಿನಾಗ ಇರ್ತಿ, ಏನೇನೋ ಬರೀತಿ, ಬಂದು ನಾಕು ಮಾತು ಹೇಳಿ ಹೋಗು" ಅಂದ. 1965ರ ಯುದ್ಧಕ್ಕೆ ಆ ವರ್ಷ ಐವತ್ತು ತುಂಬಿತ್ತು. ಅದನ್ನೇ ಮಾತಾಡೋಣ ಅಂದುಕೊಂಡು ಹೋದೆ. ತಯಾರಿ? ಏನೂ ಇಲ್ಲ. ಕಟ್ಟೆ ಮೇಲೆ ಕೇಳಿದ್ದು, ಎಲ್ಲೋ ಓದಿದ್ದು, ಮೇಲ್‌ನಲ್ಲಿ ಫಾರ್ವರ್ಡ್ ಆಗಿ ಬಂದದ್ದು ಎಲ್ಲ ಸೇರಿಸಿ ಮೈಕಿನ ಮುಂದೆ ನಿಂತೆ. ಅಬ್ದುಲ್ ಹಮೀದ್ ಎದೆಗೆ ಗ್ರೆನೇಡು ಕಟ್ಟಿಕೊಂಡು ಪ್ಯಾಟನ್ ಟ್ಯಾಂಕಿನ ಅಡಿಗೆ ಮಲಗಿದ, ಒಬ್ಬನೇ ಏಳು ಟ್ಯಾಂಕು ಉಡಾಯಿಸಿದ, ನಮ್ಮವರು ನೂರಕ್ಕೆ ನೂರು ಪ್ಯಾಟನ್ ಹಿಡಿದು ತಂದರು ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಭರ್ಜರಿ ಚಪ್ಪಾಳೆ.

ಆಗ ಎಂಟನೇ ತರಗತಿಯ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತಳು. "ಸರ್, ಮೊದಲ್ನೇ ಟ್ಯಾಂಕಿಗೇ ಅವ್ರು ಸತ್ತಹೋದ್ರ, ಉಳಿದ ಆರು ಟ್ಯಾಂಕ್ ಯಾರ್ ಹೊಡದ್ರು ಸರ್?"

ಮಕ್ಕಳೆಲ್ಲ ಗೊಳ್ಳೆಂದವು. ಯಾರೋ ಮೇಷ್ಟ್ರು "ಏಯ್ ಕೂಡು" ಅಂದರು. ನಾನು ಮುಗುಳ್ನಕ್ಕು "ದೇಶಭಕ್ತಿ ಇದ್ರೆ ಎಲ್ಲ ಆಗುತ್ತಮ್ಮ" ಅಂತ ಏನೋ ಒಂದು ಹೇಳಿ ಮಾತು ಮುಗಿಸಿದೆ. ಆ ಹುಡುಗಿ ಕೂತಳು. ಅವಳ ಮುಖದಲ್ಲಿ ನಾಚಿಕೆ ಇತ್ತು. ನಾಚಬೇಕಾದವನು ನಾನು.

ಕಾರ್ಯಕ್ರಮ ಮುಗಿದ ಮೇಲೆ ಚುರುಮುರಿ, ಚಹಾ. ಅತಿಥಿಗಳ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜ ಹತ್ತಿರ ಬಂದರು. ಗಜೇಂದ್ರಗಡದವರು, ನಿವೃತ್ತ ಹವಾಲ್ದಾರ್, ಮಗಳನ್ನು ಆ ಊರಿಗೆ ಕೊಟ್ಟಿದ್ದರು. 65ರಲ್ಲಿ ಪಂಜಾಬಿನಲ್ಲಿ ಮದ್ದುಗುಂಡು ಹೊರುವ ಲಾರಿ ಓಡಿಸಿದವರಂತೆ. ನನ್ನ ಪಕ್ಕದಲ್ಲೇ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು ಮೆಲ್ಲಗೆ ಅಂದರು:

"ಆ ಹುಡುಗಿ ಬರೋಬ್ಬರಿ ಕೇಳ್ಯಾಳ. ನೀ ಜವಾಬ ಕೊಡಲಿಲ್ಲ ತಮ್ಮಾ."

ಆಮೇಲೆ ಅವರು ಆ ತೋಪಿನ ಬಗ್ಗೆ ಹೇಳಿದರು. ಹಮೀದರ ಕೈಯಲ್ಲಿದ್ದದ್ದು ಗ್ರೆನೇಡು ಅಲ್ಲ, ಜೀಪಿನ ಮೇಲೆ ಕೂರಿಸಿದ ಆರ್‌ಸಿಎಲ್ ಗನ್ನು, ಅಂದರೆ ಹಿನ್ನೊದೆತ ಇಲ್ಲದ ತೋಪು. ಅದರ ಹಿಂಭಾಗ ತೆರೆದಿರುತ್ತದೆ. ಗುಂಡು ಮುಂದೆ ಹೋದರೆ ಬೆಂಕಿ, ಹೊಗೆ, ಧೂಳು ಹಿಂದಕ್ಕೆ ಭಸ್ಸೆಂದು ಹೋಗುತ್ತದೆ. ಹಾಗಾಗಿಯೇ ಅಷ್ಟು ದೊಡ್ಡ ತೋಪನ್ನು ಜೀಪಿನಂಥ ಹಗುರ ಗಾಡಿಯ ಮೇಲೆ ಇಡಬಹುದು. ಆದರೆ ಒಂದು ಸಲ ಹಾರಿಸಿದರೆ ಸಾಕು, ಎದುರಿನವನಿಗೆ ನೀವು ಎಲ್ಲಿದ್ದೀರಿ ಅಂತ ಡಂಗುರ ಸಾರಿದ ಹಾಗೆ. ಜೀಪಿಗೆ ಕವಚವಿಲ್ಲ. ಹೊಡೆದ ಕೂಡಲೇ ಅಲ್ಲಿಂದ ಕಾಲು ಕೀಳಬೇಕು, ಬೇರೆ ಮರೆ ಹುಡುಕಬೇಕು, ಮತ್ತೆ ಗುರಿ ಹಿಡಿಯಬೇಕು.

"ಎದಿಗೆ ಬಾಂಬ್ ಕಟ್ಟಿಕೊಂಡು ಸಾಯಾಕ ಧೈರ್ಯ ಬೇಕು, ಖರೇ. ಆದ್ರ ಹೊಡದು, ಜಾಗಾ ಬದಲ್ ಮಾಡಿ, ಮತ್ತ ಗುರಿ ಹಿಡ್ಯಾಕ ಧೈರ್ಯನೂ ಬೇಕು, ತಲಿನೂ ಬೇಕು. ನೀ ಅವನ ತಲಿ ಕಿತ್ತಿ ಒಗದಿ ನೋಡು" ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಬೆಂಗಳೂರಿಗೆ ಬಂದು ಓದಲು ಶುರು ಮಾಡಿದೆ. ನಾನು ಇತಿಹಾಸಕಾರನಲ್ಲ. ಸಿಕ್ಕಿದ ಪುಸ್ತಕ, ಸರ್ಕಾರಿ ಕಾಗದ, ಎರಡೂ ಕಡೆಯವರು ಬರೆದದ್ದು ಇಷ್ಟನ್ನು ಪಕ್ಕ ಪಕ್ಕ ಇಟ್ಟು ನೋಡಿದೆ ಅಷ್ಟೇ.

ಮೊದಲು ಯುದ್ಧದ ಕಥೆ ಚಿಕ್ಕದಾಗಿ. ಪಂಜಾಬಿನ ಖೇಮಕರಣ್ ವಿಭಾಗ, 1965 ಸೆಪ್ಟೆಂಬರ್ 8ರಿಂದ 10. ಪಾಕಿಸ್ತಾನದ ಒಂದನೇ ಆರ್ಮರ್ಡ್ ಡಿವಿಜನ್ ಅಮೆರಿಕ ಕೊಟ್ಟಿದ್ದ ಪ್ಯಾಟನ್ ಟ್ಯಾಂಕುಗಳೊಂದಿಗೆ ನುಗ್ಗಿತು. ಬಿಯಾಸ್ ನದಿಯ ಸೇತುವೆಯವರೆಗೆ ಹೋಗಿ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಕತ್ತರಿಸಿದರೆ ಅಮೃತಸರ ಒಂಟಿಯಾಗುತ್ತದೆ ಅನ್ನುವುದು ಅವರ ಲೆಕ್ಕ. ನಮ್ಮ ಕಡೆ ಮೇಜರ್ ಜನರಲ್ ಗುರುಬಕ್ಷ್ ಸಿಂಗ್ ಅವರ ನಾಲ್ಕನೇ ಮೌಂಟನ್ ಡಿವಿಜನ್. ಜೊತೆಗೆ ಬ್ರಿಗೇಡಿಯರ್ ತ್ಯಾಗರಾಜ್ ಅವರ ಟ್ಯಾಂಕು ಬ್ರಿಗೇಡು.

ಜನಪ್ರಿಯ ಕಥೆಯಲ್ಲಿ ನಮ್ಮವರು ಮೊದಲಿನಿಂದಲೂ ಬೇಕಂತಲೇ ಬೋನು ಇಟ್ಟು ಕಾಯುತ್ತಿದ್ದರು. ನಿಜ ಅಷ್ಟು ನೀಟಾಗಿಲ್ಲ. ಮೊದಲ ದಿನಗಳಲ್ಲಿ ನಮ್ಮ ಡಿವಿಜನ್ ಮುಂದೆ ಹೋಗಿ ಪೆಟ್ಟು ತಿಂದು ಹಿಂದೆ ಸರಿದಿತ್ತು. ಸರಿದು ಬಂದ ಮೇಲೆ ಅಸಲ್ ಉತ್ತರ್ ಅನ್ನುವ ಹಳ್ಳಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ನೆಲೆ ನಿಂತರು. ಎತ್ತರಕ್ಕೆ ಬೆಳೆದ ಕಬ್ಬಿನ ಗದ್ದೆಯಲ್ಲಿ ಟ್ಯಾಂಕು ಮರೆಸಿಟ್ಟರು. ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ನಮ್ಮ ಕಡೆಯ ಎರೆಹೊಲದಲ್ಲಿ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಇಳಿಸಿ ಪರದಾಡಿದವರಿಗೆ ನಾಲ್ವತ್ತೈದು ಟನ್ನಿನ ಪ್ಯಾಟನ್‌ಗೆ ಅಲ್ಲಿ ಏನಾಗಿರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಸೋತು ಸರಿದ ಪಡೆ ಎರಡು ದಿನದಲ್ಲಿ ಮತ್ತೆ ಎದ್ದು ನಿಂತದ್ದು ನನಗಂತೂ ಬೋನಿನ ಕಥೆಗಿಂತ ದೊಡ್ಡದು ಅನ್ನಿಸಿತು.

ಇನ್ನೊಂದು ಕಥೆ: ಯುದ್ಧ ಗೆದ್ದ ಮೇಲೆ ಆ ಜಾಗಕ್ಕೆ 'ಅಸಲ್ ಉತ್ತರ್', ಅಂದರೆ ತಕ್ಕ ಉತ್ತರ, ಅಂತ ಹೆಸರಿಟ್ಟರು ಅನ್ನುವುದು. ಅದು ಮೊದಲಿನಿಂದಲೂ ಇದ್ದ ಊರಿನ ಹೆಸರೇ. ಕಾಕತಾಳೀಯ ಚೆನ್ನಾಗಿ ಕೂತುಕೊಂಡಿತು. ಯುದ್ಧದ ನಂತರ ಹೊಸದಾಗಿ ಹುಟ್ಟಿದ ಹೆಸರು 'ಪ್ಯಾಟನ್ ನಗರ'. ಸಿಕ್ಕ ಟ್ಯಾಂಕುಗಳನ್ನು ಭಿಖಿವಿಂಡ್ ಹತ್ತಿರ ಸಾಲಾಗಿ ನಿಲ್ಲಿಸಿದ ಬಯಲಿಗೆ ಜನ ಇಟ್ಟ ಹೆಸರು ಅದು.

ಈಗ ಹಮೀದ್. ನಾಲ್ಕನೇ ಗ್ರೆನೇಡಿಯರ್ಸ್‌ನ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್, ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಧಾಮುಪುರದವರು. ಆಗ ವಯಸ್ಸು 32. ಪಲ್ಟನ್ನಿನ ಹೆಸರಿನಲ್ಲೇ 'ಗ್ರೆನೇಡ್' ಇದೆ ನೋಡಿ. ಎದೆಗೆ ಗ್ರೆನೇಡು ಕಟ್ಟಿದ ಕಥೆ ಅದರಿಂದಲೇ ಹುಟ್ಟಿತೋ ಏನೋ ಅಂತ ನನ್ನ ಗುಮಾನಿ. ಅವರಿಗೆ ಮರಣೋತ್ತರವಾಗಿ ಕೊಟ್ಟ ಪರಮವೀರ ಚಕ್ರದ ಪ್ರಶಸ್ತಿ ಪತ್ರ ಏನು ಹೇಳುತ್ತದೆ? ಸೆಪ್ಟೆಂಬರ್ 10ರ ಬೆಳಿಗ್ಗೆ ಚೀಮಾ ಹಳ್ಳಿಯ ಮುಂದೆ ಪ್ಯಾಟನ್‌ಗಳು ನುಗ್ಗಿದವು. ಹಮೀದ್ ಜೀಪು ತೆಗೆದುಕೊಂಡು ಪಕ್ಕಕ್ಕೆ ಸರಿದು ಮುಂಚೂಣಿಯ ಟ್ಯಾಂಕನ್ನು ಹೊಡೆದರು. ತಕ್ಷಣ ಜಾಗ ಬದಲಿಸಿ ಇನ್ನೊಂದಕ್ಕೆ ಬೆಂಕಿ ಹಚ್ಚಿದರು. ಅಷ್ಟರಲ್ಲಿ ಶತ್ರುವಿನ ಕಣ್ಣಿಗೆ ಬಿದ್ದರು. ಸುತ್ತಲಿನ ಟ್ಯಾಂಕುಗಳೆಲ್ಲ ಜೀಪಿನ ಮೇಲೆ ಗುಂಡು ಸುರಿಸುತ್ತಿದ್ದರೂ ಮತ್ತೊಂದು ಟ್ಯಾಂಕಿನ ಮೇಲೆ ಹೊಡೆಯುತ್ತಲೇ ಇದ್ದರು. ಆಗ ಶೆಲ್ ಬಿದ್ದು ಪ್ರಾಣಾಂತಿಕವಾಗಿ ಗಾಯಗೊಂಡರು.

ಎದೆಗೆ ಗ್ರೆನೇಡೂ ಇಲ್ಲ, ಟ್ಯಾಂಕಿನ ಅಡಿ ಮಲಗಿದ್ದೂ ಇಲ್ಲ. ಗಜೇಂದ್ರಗಡದ ಅಜ್ಜ ಹೇಳಿದ್ದೇ ಇದೆ: ಹೊಡೆ, ಸರಿ, ಮತ್ತೆ ಹೊಡೆ.

ಹಾಗಾದರೆ ಏಳು ಎಲ್ಲಿಂದ ಬಂತು? ಪತ್ರದಲ್ಲಿರುವುದು ಒಂದು ಬೆಳಗಿನ ಕಥೆ. ಎರಡು ಟ್ಯಾಂಕು, ಮೂರನೆಯದರ ಮೇಲೆ ಹೊಡೆಯುವಾಗ ಸಾವು. ಮುಂದೆ ಬಂದ ಪುಸ್ತಕಗಳಲ್ಲಿ ಏಳು ಅಂತ ಇದೆ. ಅವು ಹಿಂದಿನ ದಿನಗಳಲ್ಲಿ ಅವರ ತೋಪಿಗೆ ಬಿದ್ದ ಟ್ಯಾಂಕುಗಳನ್ನೂ ಸೇರಿಸಿಕೊಳ್ಳುತ್ತವೆ. ಮೂರು ಅನ್ನುವವರು, ಏಳು ಅನ್ನುವವರು ಒಬ್ಬರನ್ನೊಬ್ಬರು ಸುಳ್ಳರು ಅಂತ ಬೈದಾಡುವುದನ್ನು ನೋಡಿದ್ದೇನೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ. ಒಬ್ಬರದು 'ಆ ಬೆಳಿಗ್ಗೆ ಎಷ್ಟು?', ಇನ್ನೊಬ್ಬರದು 'ಒಟ್ಟು ಎಷ್ಟು?'.

ಅಂದಹಾಗೆ ಒಂದು ತಮಾಷೆ. ಆ ತೋಪಿನ ಹೆಸರು 106 ಮಿಲಿಮೀಟರ್. ಆದರೆ ಕೊಳವೆಯ ನಿಜವಾದ ವ್ಯಾಸ 105. ಹಳೆಯ 105ರ ಗುಂಡಿನ ಜೊತೆ ಗೊಂದಲ ಆಗದಿರಲಿ ಅಂತ ಅಮೆರಿಕದವರು ಒಂದು ಮಿಲಿಮೀಟರ್ ಏರಿಸಿ ಹೆಸರಿಟ್ಟರು. ತೋಪಿನ ಹೆಸರಲ್ಲೇ ಒಂದು ಮಿಲಿಮೀಟರ್ ಸುಳ್ಳು!

ಇನ್ನು ನನ್ನ 'ನೂರಕ್ಕೆ ನೂರು ಹಿಡಿದರು' ಅನ್ನುವ ಮಾತು. ಅಸಲ್ ಉತ್ತರದ ಬಗ್ಗೆ ನಮ್ಮ ಕಡೆಯ ಬರಹಗಳಲ್ಲಿ ಹೆಚ್ಚಾಗಿ ಕಾಣುವ ಅಂಕಿ 97, ಅದರಲ್ಲಿ 72 ಪ್ಯಾಟನ್. ಕೆಲವು ಕಡೆ 99. ಕಟ್ಟೆಗೆ ಬರುವಷ್ಟರಲ್ಲಿ ನೂರು, ಮೈಕಿಗೆ ಬಂದಾಗ ನೂರಕ್ಕೆ ನೂರು. ಅಂಕಿಗಿಂತ ದೊಡ್ಡ ತಪ್ಪು 'ಹಿಡಿದರು' ಅನ್ನುವ ಪದದಲ್ಲಿತ್ತು. ಆ 97ರಲ್ಲಿ ಸುಟ್ಟು ಕರಕಲಾದವು ಇವೆ, ಪೆಟ್ಟು ತಿಂದು ನಿಂತವು ಇವೆ, ಕೆಸರಲ್ಲಿ ಹೂತವು ಇವೆ, ಒಳಗಿದ್ದವರು ಬಿಟ್ಟು ಓಡಿದವು ಇವೆ. ನಾಶ ಮಾಡಿದ್ದು ಬೇರೆ, ವಶ ಮಾಡಿಕೊಂಡದ್ದು ಬೇರೆ.

ಎಣಿಕೆ ಹೇಗೆ ಹಿಗ್ಗುತ್ತದೆ ಅನ್ನುವುದಕ್ಕೆ ನಮ್ಮೂರಿನ ಉದಾಹರಣೆ ಕೊಡುತ್ತೇನೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹಳ್ಳದಲ್ಲಿ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಮೊದಲು ಬಂದವನು ಎಳೆಯಲು ನೋಡಿ ಬಿಟ್ಟು ಹೋದ. ಎರಡನೆಯವನು ಅರ್ಧ ಎಳೆದ. ಮೂರನೆಯವನು ಹೊರಗೆ ತಂದ. ಸಂಜೆ ಮೂರು ಕಟ್ಟೆಯ ಮೇಲೆ ಮೂವರೂ "ಇವತ್ತೊಂದ್ ಟ್ರ್ಯಾಕ್ಟರ್ ತೆಗದ್ವಿ" ಅನ್ನುತ್ತಾರೆ. ಯಾರೂ ಸುಳ್ಳು ಹೇಳಲಿಲ್ಲ. ಆದರೆ ಕೂಡಿಸಿದರೆ ಮೂರು ಟ್ರ್ಯಾಕ್ಟರ್! ರಣರಂಗದಲ್ಲೂ ಹೀಗೇ. ರಾತ್ರಿ ಒಂದು ಟ್ಯಾಂಕಿಗೆ ನಮ್ಮ ಸೆಂಚುರಿಯನ್ ಹೊಡೆದಿರುತ್ತದೆ. ಬೆಳಿಗ್ಗೆ ಮಂಜಿನಲ್ಲಿ ನಿಂತ ಅದೇ ಟ್ಯಾಂಕಿಗೆ ಆರ್‌ಸಿಎಲ್‌ನವರು ಹೊಡೆಯುತ್ತಾರೆ. ಮಧ್ಯಾಹ್ನ ವಿಮಾನದವನು ಮೇಲಿಂದ ನೋಡಿ ಮತ್ತೊಮ್ಮೆ ಹೊಡೆಯುತ್ತಾನೆ. ಸತ್ತ ಟ್ಯಾಂಕು ಸತ್ತಂತೆ ಕಾಣುವುದಿಲ್ಲವಲ್ಲ. ಮೂರು ವರದಿ, ಟ್ಯಾಂಕು ಒಂದೇ.

ಹಾಗಾಗಿ ನಂಬಬೇಕಾದ ಎಣಿಕೆ ಯಾವುದು? ಯುದ್ಧ ಮುಗಿದ ಮೇಲೆ ಬಯಲು ಯಾರ ಕೈಯಲ್ಲಿ ಉಳಿಯಿತೋ ಅವರು ನಡೆದು ಹೋಗಿ, ಮುಟ್ಟಿ ಎಣಿಸಿದ್ದು. ಅಸಲ್ ಉತ್ತರದ ಬಯಲು ನಮ್ಮ ಕೈಯಲ್ಲೇ ಉಳಿಯಿತು. ಪಾಕಿಸ್ತಾನದ ನಾಲ್ಕನೇ ಕ್ಯಾವಲ್ರಿಯ ಕಮಾಂಡಿಂಗ್ ಆಫೀಸರ್ ಸಹಿತ ಹಲವರು ಸೆರೆಯಾದರು. ಅದಕ್ಕೇ ಆ ಯುದ್ಧದ ಬೇರೆ ಎಷ್ಟೋ ಲೆಕ್ಕಗಳಿಗಿಂತ ಈ ಲೆಕ್ಕ ಗಟ್ಟಿ. ಟ್ಯಾಂಕುಗಳ ಇತಿಹಾಸ ಬರೆದ ಅಮೆರಿಕದ ಸ್ಟೀವನ್ ಝಲೋಗಾ ಇಡೀ 1965ರ ಯುದ್ಧದಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 165 ಟ್ಯಾಂಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಸಲ್ ಉತ್ತರದಲ್ಲೇ ಅನ್ನುತ್ತಾರೆ. ಅದೇ ಲೆಕ್ಕದಲ್ಲಿ ಭಾರತ ಕಳೆದುಕೊಂಡದ್ದು 128. ನನ್ನ ಭಾಷಣದಲ್ಲಿ ಈ 128ರ ಸುಳಿವೇ ಇರಲಿಲ್ಲ. ಖೇಮಕರಣ್ ಪಟ್ಟಣ ಕದನವಿರಾಮದವರೆಗೂ, ಅದಾದ ಮೇಲೂ, 1966ರ ಜನವರಿಯ ತಾಷ್ಕೆಂಟ್ ಒಪ್ಪಂದ ಜಾರಿಯಾಗುವ ತನಕ ಪಾಕಿಸ್ತಾನದ ಕೈಯಲ್ಲೇ ಇತ್ತು ಅನ್ನುವುದೂ ಇರಲಿಲ್ಲ. ಮುಂದೆ ಒಂದು ಸಲ ಅಜ್ಜನಿಗೆ ಇದನ್ನು ಹೇಳಿದಾಗ ಅವರು ಅಂದದ್ದು: "ಹೌದಲ್ಲಾ. ಟ್ಯಾಂಕ್ ನಮ್ಮ ಕೈಯಾಗ, ಊರು ಅವರ ಕೈಯಾಗ. ಎರಡೂ ಹೇಳಬೇಕು."

ಈಗ ನಿಮ್ಮ ನಿಮ್ಮ ಊರಿನ ವಿಷಯಕ್ಕೆ ಬರೋಣ. ಸರ್ಕಲ್ಲಿನಲ್ಲೋ ಪಾರ್ಕಿನಲ್ಲೋ ಟ್ಯಾಂಕು ನಿಂತಿದ್ದರೆ ನಮ್ಮ ಜನ ಮೊದಲು ಹೇಳುವ ಮಾತು "ಇದು ಪಾಕಿಸ್ತಾನದಿಂದ ಹಿಡಿದದ್ದು" ಅಂತ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತಿರುವುದು ಟಿ-55. ಅದು ಭಾರತ ಸೋವಿಯತ್ ಒಕ್ಕೂಟದಿಂದ ಕೊಂಡ, ನಮ್ಮದೇ ಸೈನ್ಯ ಓಡಿಸಿದ ಜಾತಿಯ ಟ್ಯಾಂಕು. ಗುರುತು ಹಿಡಿಯಲು ಒಂದು ಸುಲಭ ಉಪಾಯ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ ಮಾಡಿ ನೋಡಿ: ಒಂದು ಬದಿಯ ದೊಡ್ಡ ಚಕ್ರಗಳನ್ನು ಎಣಿಸಿ. ಐದು ಇದ್ದು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಂತರ ಜಾಸ್ತಿ ಇದ್ದು, ಸರಪಳಿ ನೇರ ಚಕ್ರಗಳ ತಲೆ ಮೇಲೇ ಕೂತಿದ್ದರೆ ಅದು ಟಿ-54, ಟಿ-55 ಕುಲದ್ದು. ಪ್ಯಾಟನ್‌ಗೆ ಆರು ಚಕ್ರ, ಮೇಲೆ ಸರಪಳಿಯನ್ನು ಹೊರುವ ಚಿಕ್ಕ ಉರುಳೆಗಳು ಬೇರೆ.

ಆದರೆ ಅವಸರ ಬೇಡ. ನಮ್ಮ ಆವಡಿಯಲ್ಲಿ ತಯಾರಾದ ವಿಜಯಂತಕ್ಕೂ ಆರೇ ಚಕ್ರ! ಮುಂಭಾಗ ನೋಡಿ. ಎಂ-48 ಪ್ಯಾಟನ್ ಆದರೆ ದೋಣಿಯ ಮೂತಿಯ ಹಾಗೆ ದುಂಡಗೆ ಎರಕ ಹೊಯ್ದಿರುತ್ತದೆ, ವಿಜಯಂತದ್ದು ಇಳಿಜಾರಾದ ಚಪ್ಪಟೆ ಹಲಗೆ. ಇನ್ನೊಂದು ತೊಡಕು: 1971ರಲ್ಲಿ ಪಾಕಿಸ್ತಾನ ಬಳಸಿದ ಚೀನಾದ ಟಿ-59 ಕೂಡ ಟಿ-54ರ ನಕಲು. ಅದಕ್ಕೂ ಐದು ಚಕ್ರ. ಹಾಗಾಗಿ ಚಕ್ರ ಎಣಿಸುವುದು ಮೊದಲ ಮೆಟ್ಟಿಲು ಮಾತ್ರ. ಫಲಕ ಓದಿ, ಫಲಕ ಯಾವಾಗ ಹಾಕಿದ್ದು ಅಂತಲೂ ಕೇಳಿ.

ನಿಜವಾಗಿ ಹಿಡಿದ ಪ್ಯಾಟನ್ ನೋಡಬೇಕಾದರೆ ನಮಗೆ ಹತ್ತಿರದ ಒಂದು ಜಾಗ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಟ್ಯಾಂಕು ಮ್ಯೂಸಿಯಂ. ಇಲ್ಲಿ ಒಂದು ಸ್ವಾರಸ್ಯ ಇದೆ. ಅದೇ ಅಹ್ಮದ್‌ನಗರದಲ್ಲಿ 1549ರಲ್ಲಿ ಎರಕ ಹೊಯ್ದ ಒಂದು ತೋಪನ್ನು ನಾವು ವಿಜಯಪುರದಲ್ಲಿ ನೋಡುತ್ತೇವೆ. ಮಲಿಕ್-ಎ-ಮೈದಾನ್! ನಿಜಾಮಶಾಹಿಯವರದು. ಪರಾಂಡಾ ಕೋಟೆಯಿಂದ 1632ರಲ್ಲಿ ಆದಿಲ್‌ಶಾಹಿಗಳು ವಿಜಯಪುರಕ್ಕೆ ತಂದರು. ಐವತ್ತೈದು ಟನ್ ಅನ್ನುತ್ತಾರೆ, ಪ್ಯಾಟನ್‌ಗಿಂತ ಭಾರ. ಐವತ್ತು ವರ್ಷ ಕಳೆದ ಮೇಲೆ ಔರಂಗಜೇಬ ವಿಜಯಪುರ ಗೆದ್ದು, ಮಲಿಕ್-ಎ-ಮೈದಾನ್ ಅನ್ನು ತಾನು ವಶಮಾಡಿಕೊಂಡೆ ಅಂತ ಅದರ ಮೈಮೇಲೇ ಕೆತ್ತಿಸಿದ. ಎರಕ ಹೊಯ್ದವರೊಬ್ಬರು, ಗೆದ್ದು ತಂದವರೊಬ್ಬರು, ಹೆಸರು ಕೆತ್ತಿಸಿಕೊಂಡವನು ಇನ್ನೊಬ್ಬ. ಕೊನೆಗೆ 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಹಿಡಿದ ಆಯುಧದ ಮೇಲೆ ಕಥೆ ಬರೆಯುವುದು ಇಂದು ನಿನ್ನೆಯದಲ್ಲ ಅಂತ ಹೇಳಲು ಇದನ್ನು ನೆನೆದೆ.

ಸಿನಿಮಾದ ಮಾತು ಬಾರದೆ ಈ ವಿಷಯ ಮುಗಿಯುವುದಿಲ್ಲ. 1997ರ 'ಬಾರ್ಡರ್' ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಲೋಂಗೇವಾಲಾ, 1971 ಡಿಸೆಂಬರ್ 4ರ ರಾತ್ರಿ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ, ಸುಮಾರು 120 ಜನ. ಅದೆಲ್ಲ ನಿಜ. ಆದರೆ ಸಿನಿಮಾದಲ್ಲಿ ನಮ್ಮವರು ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ನಿಜದಲ್ಲಿ ಅಲ್ಲಿ ಮಡಿದವರು ಇಬ್ಬರು. ರಾತ್ರಿಯೆಲ್ಲ ಕಂಪನಿ ಜಾಗ ಬಿಡದೆ ನಿಂತಿತು, ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ಬಂದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಮರಳಲ್ಲಿ ಬೇಟೆಯಾಡಿದವು. ಮೇಲಿಂದ ತೆಗೆದ ಫೋಟೋಗಳಲ್ಲಿ ತಪ್ಪಿಸಿಕೊಳ್ಳಲು ಟ್ಯಾಂಕುಗಳು ಸುತ್ತು ಸುತ್ತು ಹೊಡೆದ ಗುರುತುಗಳು ಈಗಲೂ ಕಾಣುತ್ತವೆ. ಶ್ರೇಯಸ್ಸು ಭೂಸೇನೆಗೋ ವಾಯುಸೇನೆಗೋ ಅನ್ನುವ ಜಗಳ ಆಮೇಲೆ ವರ್ಷಗಟ್ಟಲೆ ನಡೆಯಿತು. ಅಷ್ಟು ಕಡಿಮೆ ಜೀವ ತೆತ್ತು ಠಾಣೆ ಉಳಿಸಿಕೊಂಡದ್ದು ಸಿನಿಮಾಕ್ಕೆ ಸಾಲದಾಯಿತು ನೋಡಿ.

"ಸತ್ಯ ಹುಡುಕುತ್ತಾ ಹೋದರೆ ನಮ್ಮ ವೀರರು ಚಿಕ್ಕವರಾಗುತ್ತಾರೆ, ನಿನಗ್ಯಾಕೆ ಈ ಉಸಾಬರಿ?" ಅಂತ ಒಬ್ಬ ಗೆಳೆಯ ಕೇಳಿದ. ಅವನಿಗೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಹೇಳಿದೆ. 1965ರ ಸೆಪ್ಟೆಂಬರ್ 7, ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಿ ಬರಲಿಲ್ಲ. ನಮ್ಮ ಕಡೆ ಇದ್ದ ಮಾಹಿತಿ ಅಷ್ಟೇ, 'ಕಾಣೆಯಾಗಿದ್ದಾರೆ'. ನಿಜವಾಗಿ ಏನಾಯಿತು ಅಂತ ಹೊರಬಂದದ್ದು ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಬರೆದ ಪುಸ್ತಕದಿಂದ. ಶಬ್ದಕ್ಕಿಂತ ವೇಗವಾಗಿ ಹಾರುವ ಸ್ಟಾರ್‌ಫೈಟರ್ ಬೆನ್ನಟ್ಟಿದಾಗ ಪೆಟ್ಟು ತಿಂದ ತಮ್ಮ ಮಿಸ್ಟೇರ್ ವಿಮಾನದಲ್ಲೇ ದೇವಯ್ಯ ತಿರುಗಿ ಕಾದಾಡಿ ಅದನ್ನು ಉರುಳಿಸಿದ್ದರು. ಆ ಪಾಕಿಸ್ತಾನಿ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. 1988ರಲ್ಲಿ, 23 ವರ್ಷ ತಡವಾಗಿ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಒಬ್ಬ ಕನ್ನಡ ನಾಡಿನ ವೀರನನ್ನು ನಮಗೆ ಹುಡುಕಿಕೊಟ್ಟದ್ದು ಶತ್ರುವಿನ ಕಾಗದ. ಆ ಕಾಗದವನ್ನು 'ಅವರದೆಲ್ಲ ಸುಳ್ಳು' ಅಂತ ಎಸೆದಿದ್ದರೆ?

ನರಗುಂದದವರಿಗೆ ಇದು ಹೊಸದಲ್ಲ. ದತ್ತಕಕ್ಕೆ ಒಪ್ಪಿಗೆ ಸಿಗದೆ ಸಿಡಿದೆದ್ದ ನಮ್ಮ ಬಾಬಾಸಾಹೇಬರ ಬಂಡಾಯ ನಡೆದದ್ದು 1858ರಲ್ಲಿ. ಸುರೇಬಾನದಲ್ಲಿ ಮ್ಯಾನ್ಸನ್ ಹತನಾದದ್ದು ಮೇ 29ರ ರಾತ್ರಿ, ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾದದ್ದು ಜೂನ್ 12. ಈ ತಾರೀಖುಗಳು ನಮಗೆ ಸಿಕ್ಕಿರುವುದು ಗಲ್ಲಿಗೇರಿಸಿದವರ ದಫ್ತರಗಳಲ್ಲಿ. ಅವರ ಕಾಗದದಲ್ಲಿ ಅದು ಕೊಲೆ, ನಮ್ಮೂರ ಬಾಯಲ್ಲಿ ಬಂಡಾಯ. ತಾರೀಖು ಅವರಿಂದ ತಗೊಂಡೆವು, ಅರ್ಥ ನಾವು ಇಟ್ಟುಕೊಂಡೆವು. ಎರಡೂ ಬೇಕಾಯಿತು.

ಇನ್ನು ಅಜ್ಜನ ವಿಷಯ ಹೇಳಿ ಮುಗಿಸುತ್ತೇನೆ. 2017ರಲ್ಲಿ ಗಜೇಂದ್ರಗಡಕ್ಕೆ ಹೋಗಿ ಅವರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಹೊರಗೆ ಗುಡ್ಡದ ಮೇಲೆ ಕೋಟೆ, ಒಳಗೆ ಜೋಳದ ರೊಟ್ಟಿಯ ಸಪ್ಪಳ. ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಅವರು ಪ್ಯಾಟನ್ ನಗರ ನೆನೆಸಿಕೊಂಡರು. ಲಾರಿಯಲ್ಲಿ ಹಾದು ಹೋಗುವಾಗ ನೋಡಿದ್ದರಂತೆ. "ಒಂದರ ಮೈಮ್ಯಾಲ ಒಂದ್ ಗೀರ್ ಸೈತ ಇರಲಿಲ್ಲ, ಹೊಸಾ ಲಗ್ನದ ಗಾಡಿ ಹಂಗ ನಿಂತಿತ್ತು" ಅಂದರು. "ಮುನ್ನೂರ್ ಟ್ಯಾಂಕ್ ನಿಲ್ಲಿಸಿದ್ರು ನೋಡು, ಕಣ್ ಹಾಯಿಸಿದಷ್ಟು ದೂರ" ಅಂತಲೂ ಅಂದರು.

ನನಗೆ ಕಸಿವಿಸಿ. ಹೇಳಲೋ ಬೇಡವೋ? ಕೊನೆಗೆ ಹೇಳಿದೆ, "ಅಜ್ಜಾರ, ಪುಸ್ತಕದಾಗ ಅರವತ್ತರ ಮ್ಯಾಲ ಚೂರು ಅಂತ ಐತ್ರಿ."

ಸ್ವಲ್ಪ ಹೊತ್ತು ಮಾತಿಲ್ಲ. ಸಿಟ್ಟಾದರೇನೋ ಅಂದುಕೊಂಡೆ. ಆಮೇಲೆ ನಕ್ಕರು. "ನಾ ಲಾರಿ ಓಡಿಸಿಕೋತ ನೋಡಿದಾಂವ. ಎಣಿಸಿದಾಂವ ಅಲ್ಲ. ಹಂಗಾರ ಅರವತ್ತ ಅಂತನ ಬರಿ." ಒಂದು ಕ್ಷಣ ಬಿಟ್ಟು, "ಆದ್ರ ಗೀರ್ ಇರಲಿಲ್ಲ ಅಂದನೆಲ್ಲಾ, ಅದು ಖರೇ. ಅದನ್ನ ಇಳಿದು ಮುಟ್ಟಿ ನೋಡೀನಿ" ಅಂದರು.

ಕಣ್ಣಾರೆ ಕಂಡವರ ಮಾತಿನಲ್ಲೂ ಯಾವುದು ಮುಟ್ಟಿದ್ದು, ಯಾವುದು ಹಾದು ಹೋಗುವಾಗ ಕಂಡದ್ದು ಅಂತ ಬೇರೆ ಮಾಡಬೇಕು ಅನ್ನುವುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ತಾನು ಹೇಳಿದ್ದನ್ನು ತಾನೇ ಅಷ್ಟು ಹಗುರವಾಗಿ ತಿದ್ದಿಕೊಂಡ ಆ ಮನುಷ್ಯನಿಂದ ಕಲಿತೆ. 2023ರಲ್ಲಿ ಅವರು ತೀರಿಕೊಂಡರು. "ಬರಿ" ಅಂದಿದ್ದರು. ಬರೆಯದೇ ಇದ್ದೆ. ಮೈಕಿನಲ್ಲಿ ಸುಳ್ಳು ಹೇಳಲು ಹತ್ತು ನಿಮಿಷ ಸಾಕಾಯಿತು, ಅದನ್ನು ತಿದ್ದಲು ಇಷ್ಟು ವರ್ಷ ಬೇಕಾಯಿತು.

ಆ ಎಂಟನೇ ತರಗತಿಯ ಹುಡುಗಿ ಈಗ ಡಿಗ್ರಿ ಮುಗಿಸಿರಬೇಕು. ಎಲ್ಲಿದ್ದಾಳೋ ಗೊತ್ತಿಲ್ಲ. ಗೆಳೆಯ ಮೇಷ್ಟ್ರಿಗೂ ಹೆಸರು ನೆನಪಿಲ್ಲ. ಯಾವತ್ತಾದರೂ ಇದು ಅವಳ ಕಣ್ಣಿಗೆ ಬಿದ್ದರೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ:

ತಂಗಿ, ಅವತ್ತು ನೀನು ಕೇಳಿದ್ದು ಸರಿಯಾಗಿತ್ತು. ಉಳಿದ ಟ್ಯಾಂಕುಗಳನ್ನೂ ಅವರೇ ಹೊಡೆದರು. ಯಾಕೆಂದರೆ ಅವರು ಮೊದಲನೆಯದಕ್ಕೆ ಸಾಯಲಿಲ್ಲ. ಹೊಡೆದರು, ಜೀಪು ಸರಿಸಿದರು, ಮತ್ತೆ ಹೊಡೆದರು. ಎದೆಗೆ ಏನೂ ಕಟ್ಟಿಕೊಂಡಿರಲಿಲ್ಲ. ಕಥೆಯಲ್ಲಿ ಎಲ್ಲೋ ತಪ್ಪಿದೆ ಅಂತ ಆ ಸಭೆಯಲ್ಲಿ ಹೊಳೆದದ್ದು ನಿನಗೊಬ್ಬಳಿಗೆ. ನಿನ್ನನ್ನು ಕೂರಿಸಿದ್ದು ತಪ್ಪಾಯಿತು.

ಗೆಳೆಯರೇ, ನಿಮ್ಮೂರಲ್ಲಿ ಟ್ಯಾಂಕು ಇದ್ದರೆ ಚಕ್ರ ಎಣಿಸಿ ಬಂದು ಹೇಳಿ. ನೀರಿನ ಟ್ಯಾಂಕಾದರೆ ಕಂಬ ಎಣಿಸಿದರೂ ಸಾಕು.